ಕುರ್ಚಿ ಕೊಟ್ಟರೆ ಸಾಲದು, ಮೊದಲ ಮಾತೂ ಕೊಡಿ

ಸರ್ಕಾರಿ ಶಾಲೆಗಳ ಬಗ್ಗೆ ಈ ಅಂಕಣದಲ್ಲಿ ಬರೆದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರ ದನಿ ಮಾತ್ರ ಬೇರೆ ಬೇರೆ. ‘ಎಸ್‌ಡಿಎಂಸಿಯಲ್ಲಿ ಊರಿನವರೆಲ್ಲ ಇದ್ದಾರೆ, ಶಾಲೆಗೆ ಹೋಗುವ ಮಕ್ಕಳೇ ಯಾಕಿಲ್ಲ?’ ಎಂದು ಕೆಲವರು ನ್ಯಾಯ ಕೇಳುವ ಹಾಗೆ ಕೇಳುತ್ತಾರೆ. ‘ಮಕ್ಕಳನ್ನೂ ಕಮಿಟಿಯಲ್ಲಿ ಕೂರಿಸಿಬಿಟ್ಟರೆ ನಾವು ಪಾಠ ಮಾಡಿದ ಹಾಗೇ ಬಿಡಿ ಸಾರ್’ ಎಂದು ಶಿಕ್ಷಕರು ಅರ್ಧ ತಮಾಷೆ, ಅರ್ಧ ಆತಂಕದಲ್ಲಿ ಹೇಳುತ್ತಾರೆ. ‘ಮನೇಲೇ ಇವರ ಬಾಯಿ ತಡೆಯೋಕಾಗಲ್ಲ, ಇನ್ನು ಸಭೇಲೂ ಬೇಕಾ?’ ಎನ್ನುವುದು ತಾಯಂದಿರ ಮಾತು. ಮೂರೂ ಮಾತಿನಲ್ಲಿ ಹುರುಳಿದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಮಕ್ಕಳು ಸಭೆಯಲ್ಲಿ ಇರಬೇಕು. ಆದರೆ ಜಗಳವೆಲ್ಲ ಕುರ್ಚಿ ಕೊಡಬೇಕೋ ಬೇಡವೋ ಎಂಬುದರ ಸುತ್ತ ನಡೆಯುತ್ತಿದೆ. ನಡೆಯಬೇಕಾದದ್ದು ಯಾರು ಮೊದಲು ಮಾತಾಡಬೇಕು ಎಂಬುದರ ಬಗ್ಗೆ.

ಹೊಸಬರಿಗಾಗಿ ಒಂದಿಷ್ಟು ಹಿನ್ನೆಲೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ನಾವೆಲ್ಲ ಕರೆಯುವ ಎಸ್‌ಡಿಎಂಸಿ, ನಮ್ಮ ರಾಜ್ಯದಲ್ಲಿ ಶುರುವಾದದ್ದು 2001ರಲ್ಲಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಕೊಟ್ಟ ಸಲಹೆಯ ಬೆನ್ನಿಗೇ ಸರ್ಕಾರ ಆ ಆದೇಶ ಹೊರಡಿಸಿತು. 2006ರಲ್ಲಿ ಪಂಚಾಯತ್ ರಾಜ್ ಚೌಕಟ್ಟಿನಲ್ಲಿ ಅದಕ್ಕೆ ಮಾದರಿ ಬೈಲಾ ಬಂತು. ಹಳೆಯ ಶಾಲಾ ಸಮಿತಿಗಳಲ್ಲಿ ಊರಿನ ದೊಡ್ಡ ಮನೆಗಳವರು ಕೂರುತ್ತಿದ್ದರು. ಎಸ್‌ಡಿಎಂಸಿ ಬಂದ ಮೇಲೆ ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಂದಿರೇ ಕೂರುವಂತಾಯಿತು. ಅಧ್ಯಕ್ಷರು ಪೋಷಕರಲ್ಲೇ ಒಬ್ಬರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. ಕೂಲಿ ಮಾಡುವ ಹೆಂಗಸೊಬ್ಬರು ಹೆಡ್ ಮೇಷ್ಟ್ರ ಎದುರಿನ ಕುರ್ಚಿಯಲ್ಲಿ ಕೂತು ‘ಈ ದುಡ್ಡು ಯಾವುದಕ್ಕೆ ಖರ್ಚಾಯ್ತು?’ ಎಂದು ಕೇಳಿದ್ದನ್ನು ನಾನು ಕಂಡಿದ್ದೇನೆ. ಒಂದು ತಲೆಮಾರಿನ ಹಿಂದೆ ಅದನ್ನು ಊಹಿಸಿಕೊಳ್ಳುವುದೂ ಕಷ್ಟವಿತ್ತು.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇಂಥ ಸಮಿತಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿತು. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಅರ್ಧ ಮಹಿಳೆಯರಿರಬೇಕು. ಉಳಿದ ಕಾಲು ಪಾಲು ಯಾರದು? 2010ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ನಿಯಮಗಳನ್ನು ತೆರೆದು ನೋಡಿದರೆ ಉತ್ತರ ಸಿಗುತ್ತದೆ. ಆ ಕಾಲು ಪಾಲನ್ನು ಮತ್ತೆ ಮೂರು ಮಾಡಿ, ಒಂದನ್ನು ಸ್ಥಳೀಯ ಸಂಸ್ಥೆಯ ಚುನಾಯಿತರಿಗೆ, ಒಂದನ್ನು ಶಿಕ್ಷಕರಿಗೆ, ಮೂರನೆಯದನ್ನು ‘ಸ್ಥಳೀಯ ಶಿಕ್ಷಣ ತಜ್ಞರು ಅಥವಾ ಶಾಲೆಯ ಮಕ್ಕಳು’ ಎಂಬ ಗುಂಪಿಗೆ ಕೊಡಲಾಗಿದೆ. ಯಾರನ್ನು ಆರಿಸಬೇಕೆಂಬುದು ಸಮಿತಿಯ ಪೋಷಕರಿಗೆ ಬಿಟ್ಟದ್ದು. ಮಕ್ಕಳು ಸಮಿತಿಯಲ್ಲಿ ಕೂರುವುದು ಯಾರೋ ಹೋರಾಟಗಾರರ ಕನಸಲ್ಲ, ಸರ್ಕಾರಿ ಕಾಗದದ ಮೇಲೆಯೇ ಇರುವ ಸಂಗತಿ ಎಂದಾಯಿತು. ಆದರೆ ತಜ್ಞರೋ ಮಕ್ಕಳೋ ಎಂದು ಕೇಳಿದರೆ ನಮ್ಮ ಊರುಗಳು ಯಾರನ್ನು ಆರಿಸುತ್ತವೆ ಎಂದು ಹೇಳಬೇಕಾಗಿಲ್ಲ. ನಿವೃತ್ತ ಮೇಷ್ಟ್ರೊಬ್ಬರಿಗೋ, ಬೀರು ದಾನ ಕೊಟ್ಟ ಅಂಗಡಿ ಮಾಲೀಕರಿಗೋ ಆ ಜಾಗ ಹೋಗುತ್ತದೆ. ಎಲ್ಲೋ ಒಂದೆರಡು ಕಡೆ ಮಕ್ಕಳ ಹೆಸರು ಪಟ್ಟಿಯಲ್ಲಿ ಇರುವುದೂ ಉಂಟು. ಸಭೆ ನಡೆಯುವ ಹೊತ್ತಿಗೆ ಆ ಮಕ್ಕಳು ತರಗತಿಯಲ್ಲಿ ಮಗ್ಗಿ ಬರೆಯುತ್ತಿರುತ್ತಾರೆ.

ಹಾಗಂತ ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಅಧಿಕಾರವೇ ಇಲ್ಲ ಎನ್ನುವಂತಿಲ್ಲ. ಅಧಿಕಾರ ಧಾರಾಳವಾಗಿದೆ, ಕೆಲಸ ಕಡಿಮೆ ಅಷ್ಟೆ. ಜೂನ್, ಜುಲೈ ತಿಂಗಳಲ್ಲಿ ಯಾವುದೇ ಸರ್ಕಾರಿ ಶಾಲೆಗೆ ಹೋಗಿ ನೋಡಿ, ಶಾಲಾ ಸಂಸತ್ತಿನ ಚುನಾವಣೆಯ ಗದ್ದಲವಿರುತ್ತದೆ. ನಾಮಪತ್ರ, ಪ್ರಚಾರ, ಗುಪ್ತ ಮತದಾನ, ಬೆರಳಿಗೆ ಶಾಯಿ, ಈಚೆಗೆ ಮೊಬೈಲ್‌ನಲ್ಲೇ ಮತಯಂತ್ರ. ಗೆದ್ದವರು ಮುಖ್ಯಮಂತ್ರಿ, ಆಹಾರ ಮಂತ್ರಿ, ಆರೋಗ್ಯ ಮಂತ್ರಿ, ಸ್ವಚ್ಛತಾ ಮಂತ್ರಿ, ವಿರೋಧ ಪಕ್ಷದ ನಾಯಕ. ಎದೆಯ ಮೇಲೆ ಕೈಯಿಟ್ಟು ಪ್ರಮಾಣವಚನ. ನೋಡಲು ಚೆಂದ, ಕಲಿಯಲು ಒಳ್ಳೆಯದು. ಆದರೆ ಮರುದಿನದಿಂದ ಆಹಾರ ಮಂತ್ರಿಯ ಕೆಲಸ ಊಟದ ಸಾಲಿನಲ್ಲಿ ಚಿಕ್ಕವರನ್ನು ನಿಲ್ಲಿಸುವುದು. ಸ್ವಚ್ಛತಾ ಮಂತ್ರಿಯದು ಪೊರಕೆ ಎಣಿಸುವುದು. ಅಕ್ಕಿಯಲ್ಲಿ ಹುಳ ಕಂಡರೆ ಆಹಾರ ಮಂತ್ರಿ ಯಾರಿಗೆ ಹೇಳಬೇಕು, ಹೇಳಿದ್ದು ಎಲ್ಲಿ ದಾಖಲಾಗಬೇಕು ಎನ್ನುವುದಕ್ಕೆ ಆ ಮಂತ್ರಿಮಂಡಲದಲ್ಲಿ ದಾರಿಯಿಲ್ಲ. ಒಂದೇ ಕಟ್ಟಡದಲ್ಲಿ ಎರಡು ಸಮಿತಿಗಳಿವೆ. ಮತ ಪಡೆದು ಗೆದ್ದ ಮಕ್ಕಳದು ಒಂದು, ನಿಜವಾಗಿ ತೀರ್ಮಾನ ಮಾಡುವ ದೊಡ್ಡವರದು ಇನ್ನೊಂದು. ಎರಡರ ನಡುವೆ ಒಂದು ಬಾಗಿಲೂ ಇಲ್ಲ.

ಆ ಬಾಗಿಲು ಯಾಕೆ ಬೇಕು ಎನ್ನುವುದನ್ನು ನನಗೆ ಮನಗಾಣಿಸಿದ್ದು ಹಳೇ ಮೈಸೂರು ಭಾಗದ ಹಳ್ಳಿಯೊಂದರ ಎಸ್‌ಡಿಎಂಸಿ ಸಭೆ. ನಾನು ಆಹ್ವಾನಿತನಾಗಿ ಮೂಲೆಯಲ್ಲಿ ಕೂತಿದ್ದೆ. ಬಂದ ಅನುದಾನದಲ್ಲಿ ಏನು ಮಾಡಬೇಕೆಂಬ ಚರ್ಚೆ. ಕಾಂಪೌಂಡಿಗೆ ಬಣ್ಣ ಹೊಡೆಸಿ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ, ಮೇಲೊಂದು ಸುಭಾಷಿತ ಬರೆಸೋಣ ಎಂಬಲ್ಲಿಗೆ ಬಹುತೇಕ ಮುಗಿದಿತ್ತು. ಮಧ್ಯೆ ಯಾರೋ ಶೌಚಾಲಯದ ಮಾತೆತ್ತಿದರು. ಅದೇ ಹೊತ್ತಿಗೆ ಏಳನೇ ತರಗತಿಯ ಹುಡುಗಿಯೊಬ್ಬಳು ಹಾಜರಿ ಪುಸ್ತಕ ಕೊಡಲು ಒಳಗೆ ಬಂದಳು. ಮುಖ್ಯ ಶಿಕ್ಷಕಿ ಅವಳನ್ನೇ ನಿಲ್ಲಿಸಿ, ‘ಶೌಚಾಲಯ ಚೆನ್ನಾಗೈತೆ ಅಲ್ವೇನಮ್ಮಾ?’ ಎಂದು ಕೇಳಿದರು. ಹುಡುಗಿ ‘ಹೂಂ ಮಿಸ್’ ಎಂದಳು. ಸಭೆ ನಿರಾಳವಾಯಿತು. ಹೊರಗೆ ಹೊರಟವಳನ್ನು ಸದಸ್ಯೆಯಾಗಿದ್ದ ಅಜ್ಜಿಯೊಬ್ಬರು ತಡೆದರು. ಮೊಮ್ಮಗಳನ್ನು ಸಾಕುತ್ತಿದ್ದವರು, ಓದುಬರಹ ಅಷ್ಟಕ್ಕಷ್ಟೆ. ‘ಅಲ್ಲಾ ಕಣವ್ವಾ, ನೀನು ಒಳೀಕ್ಕೋದಾಗ ಬಾಗ್ಲ ಯಾರು ಹಿಡ್ಕಂತಾರೆ?’ ಹುಡುಗಿ ತಲೆ ತಗ್ಗಿಸಿ, ‘ನನ್ನ ಫ್ರೆಂಡು ಹಿಡ್ಕೋತಾಳೆ ಅಜ್ಜೀ. ಅವ್ಳು ಹೋದಾಗ ನಾನು. ಚಿಲ್ಕ ಇಲ್ಲ’ ಎಂದಳು. ಜೊತೆಗಾತಿ ಶಾಲೆಗೆ ಬಾರದ ದಿನ? ‘ಮನೆಗೆ ಹೋಗೋಗಂಟ ಹೋಗಲ್ಲ.’

ಕೊಠಡಿಯಲ್ಲಿ ಇದ್ದವರು ಯಾರೂ ಕೆಟ್ಟವರಲ್ಲ. ಮುಖ್ಯ ಶಿಕ್ಷಕಿ ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳುವವರು. ಬಡಗಿ ಕೆಲಸದ ಸದಸ್ಯರೊಬ್ಬರು ಅಂದು ಸಂಜೆಯೇ ಚಿಲಕ ಹಾಕಿಕೊಟ್ಟರು, ದುಡ್ಡೂ ಕೇಳಲಿಲ್ಲ. ಆದರೆ ಆ ಚಿಲಕವಿಲ್ಲದೆ ಎಷ್ಟೋ ತಿಂಗಳು ಕಳೆದಿತ್ತು. ಆ ಅವಧಿಯಲ್ಲಿ ಸಭೆಗಳೂ ನಡೆದಿದ್ದವು. ನಡಾವಳಿ ಪುಸ್ತಕದಲ್ಲಿ ‘ಶೌಚಾಲಯ ಸುಸ್ಥಿತಿಯಲ್ಲಿದೆ’ ಎಂದು ಸರ್ವಾನುಮತದಿಂದ ಬರೆದೂ ಇದ್ದರು. ಸುಳ್ಳಲ್ಲ, ಗೋಡೆ ಇತ್ತು, ನೀರಿತ್ತು, ಬಾಗಿಲಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ನೋಡಿದವರು ಆ ಸಭೆಯಲ್ಲಿ ಇರಲಿಲ್ಲ, ಅಷ್ಟೆ. ನನಗೆ ಮುಖ್ಯವೆನಿಸಿದ್ದು ಇನ್ನೊಂದು. ಅದೇ ಹುಡುಗಿ, ಅದೇ ಸಭೆ, ಎರಡು ನಿಮಿಷದ ಅಂತರ. ಒಮ್ಮೆ ‘ಹೂಂ’ ಎಂದಳು, ಇನ್ನೊಮ್ಮೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಉತ್ತರವನ್ನು ಒಳಗಿಟ್ಟುಕೊಂಡೇ ಬರುವ ಪ್ರಶ್ನೆಗೆ, ಅದೂ ಮಿಸ್ ಬಾಯಿಂದ ಬಂದ ಪ್ರಶ್ನೆಗೆ, ನಮ್ಮ ಮಕ್ಕಳು ‘ಇಲ್ಲ’ ಎನ್ನುವುದಿಲ್ಲ. ಹಾಗೆ ಅನ್ನಬಾರದು ಎಂದು ಕಲಿಸಿದವರೂ ನಾವೇ.

ಅದಕ್ಕೇ ಕುರ್ಚಿಯೊಂದನ್ನೇ ಕೊಟ್ಟರೆ ಸಾಲದು ಎನ್ನುತ್ತಿರುವುದು. ಅಧ್ಯಕ್ಷರು, ಪಂಚಾಯಿತಿ ಸದಸ್ಯರು, ದಾನಿಗಳು ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ‘ಏನಪ್ಪಾ, ನೀನೇನಂತೀಯಾ?’ ಎಂದು ಹದಿಮೂರು ವರ್ಷದ ಹುಡುಗನನ್ನು ಕೇಳಿದರೆ ಅವನು ಏನು ಹೇಳಿಯಾನು? ಹಿರಿಯರ ಮಾತಿಗೆ ಎದುರಾಡಬಾರದು ಎಂಬ ಸಂಸ್ಕಾರದಲ್ಲಿ ಬೆಳೆದವನು ಗೋಣು ಆಡಿಸುತ್ತಾನೆ. ಆ ಗೋಣಿಗೆ ಮಕ್ಕಳ ಒಪ್ಪಿಗೆ ಎಂದು ಹೆಸರಿಟ್ಟು ಸಹಿ ಹಾಕಿಸಿಕೊಳ್ಳುತ್ತೇವೆ. ಅಂಥ ಪ್ರಾತಿನಿಧ್ಯಕ್ಕಿಂತ ಇಲ್ಲದಿರುವುದೇ ವಾಸಿ, ಏಕೆಂದರೆ ನಾಳೆ ಯಾರಾದರೂ ಪ್ರಶ್ನಿಸಿದರೆ ‘ಮಕ್ಕಳೂ ಇದ್ದರಲ್ಲ ಸ್ವಾಮೀ’ ಎನ್ನಲು ಅದೊಂದು ಸಾಕ್ಷಿಯಾಗುತ್ತದೆ.

ದೊಡ್ಡವರು ಮಾತು ಮುಗಿಸುವ ತನಕ ಮಕ್ಕಳ ಸರದಿ ಬರುವುದಿಲ್ಲ ಎನ್ನುವುದಕ್ಕೆ ರಾಜ್ಯಕ್ಕೆಲ್ಲ ನೆನಪಿರುವ ಉದಾಹರಣೆ ಮೊಟ್ಟೆಯ ಗಲಾಟೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮಕ್ಕಳ ಅಪೌಷ್ಟಿಕತೆ ನೀಗಿಸಲೆಂದು ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಮಠಾಧೀಶರು ಮಾತಾಡಿದರು, ಪಕ್ಷಗಳು ಮಾತಾಡಿದವು, ಆಹಾರ ತಜ್ಞರು ಮಾತಾಡಿದರು, ಟಿ.ವಿ.ಯಲ್ಲಿ ರಾತ್ರಿಯೆಲ್ಲ ಚರ್ಚೆ. ತಿನ್ನುವವರನ್ನು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೆ ಕೊಪ್ಪಳ ಜಿಲ್ಲೆಯ ಶಾಲಾ ಹುಡುಗಿಯೊಬ್ಬಳು ಪ್ರತಿಭಟನೆಯಲ್ಲಿ ನಿಂತು, ನಮಗೆ ಮೊಟ್ಟೆ ಬೇಕು, ಬೇಡ ಅನ್ನಲು ನೀವ್ಯಾರು ಎಂಬರ್ಥದಲ್ಲಿ ಗದರಿದ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಅವಳ ಮಾತಿನ ಧಾಟಿ ಕೆಲವರಿಗೆ ಇಷ್ಟವಾಗಲಿಲ್ಲ. ಆದರೆ ಮಾತಾಡಲು ಸಭೆಯಲ್ಲಿ ಜಾಗ ಸಿಗದವರು ಬೀದಿಯಲ್ಲಿ ಮಾತಾಡುತ್ತಾರೆ. ಬೀದಿಯ ಮಾತು ಏರುದನಿಯಲ್ಲೇ ಇರುತ್ತದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆಯಿಂದ ಆ ಪ್ರಶ್ನೆ ಶಾಲೆಯ ಮಟ್ಟದಲ್ಲಿ ಬಹುಪಾಲು ತಣ್ಣಗಾಯಿತು. ಪ್ರತಿ ಶಾಲೆಯಲ್ಲೂ ಮಕ್ಕಳನ್ನೇ ಮೊದಲು ಕೇಳಿದ್ದರೆ ಇದೇ ಉತ್ತರ ಇನ್ನೂ ಬೇಗ ಬರುತ್ತಿತ್ತೇನೋ.

‘ಮಕ್ಕಳ ಗ್ರಾಮಸಭೆ ಇದೆಯಲ್ಲ, ಅಲ್ಲಿ ಕೇಳಲಿ’ ಎಂದು ಕೆಲವರು ಹೇಳುತ್ತಾರೆ. ಇದೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಪದ್ಧತಿ ತಂದದ್ದು ಕರ್ನಾಟಕದ ಹೆಮ್ಮೆಯೇ ಸರಿ. ಅದರ ಬೇರು ಕರಾವಳಿಯಲ್ಲಿದೆ. ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ಮತ್ತು ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘ 1990ರ ದಶಕದ ನಡುವಿನಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಪಂಚಾಯಿತಿಗಳಲ್ಲಿ ‘ಮಕ್ಕಳ ಪಂಚಾಯಿತಿ’ಗಳನ್ನು ಕಟ್ಟಿದವು. ಮಕ್ಕಳೇ ಮತ ಹಾಕಿ ಆರಿಸಿದ ಮಕ್ಕಳು ತಮ್ಮ ಊರಿನ ಸಮಸ್ಯೆಗಳನ್ನು ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಅವು ಚಾಕೊಲೇಟಿನ ಬೇಡಿಕೆಗಳಾಗಿರಲಿಲ್ಲ. ಶಾಲೆಗೆ ಹೋಗುವ ದಾರಿ, ಹಳ್ಳ ದಾಟುವ ಸಂಕ, ನೀರು, ಇಂಥವು. ಆ ಭಾಗದಲ್ಲಿ ಮಳೆಗಾಲದ ಕಾಲುಸಂಕ ಎಷ್ಟು ಅಪಾಯದ್ದು ಎನ್ನುವುದು ದಿನಾ ಅದರ ಮೇಲೆ ನಡೆಯುವವರಿಗೆ ಗೊತ್ತು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಪುಟ್ಟ ಬಾಲಕಿ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಾಗ ರಾಜ್ಯವೇ ಮರುಗಿತು. ಸಂಕ ಯಾವ ಊರಲ್ಲಿ ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಗಾಗಿ ಆಮೇಲೆ ಓಡಾಡಬೇಕಾಯಿತು. ಆ ಪಟ್ಟಿ ಮಕ್ಕಳ ಬಾಯಲ್ಲಿ ಮೊದಲಿನಿಂದಲೂ ಇತ್ತು.

ಆದರೆ ನಾನು ಹೋಗಿ ಕೂತ ಮಕ್ಕಳ ಗ್ರಾಮಸಭೆಗಳಲ್ಲಿ ಹೆಚ್ಚಿನವು ಒಂದೇ ಜಾಡಿನಲ್ಲಿ ನಡೆದವು. ಶಾಮಿಯಾನ, ಸ್ವಾಗತ ಗೀತೆ, ಗಣ್ಯರ ಭಾಷಣ, ಬಿಸಿಲೇರಿದ ಮೇಲೆ ಮಕ್ಕಳ ಪ್ರಶ್ನೆ. ಆಟದ ಮೈದಾನ ಬೇಕು, ಶಾಲೆ ಹೊತ್ತಿಗೆ ಬಸ್ಸು ಬೇಕು, ಶಾಲೆ ಪಕ್ಕದ ಗುಟ್ಕಾ ಅಂಗಡಿ ತೆಗೆಸಿ. ‘ಗಮನಕ್ಕೆ ತೆಗೆದುಕೊಂಡಿದ್ದೇವೆ’ ಎಂದು ಪಿಡಿಒ ಹೇಳುತ್ತಾರೆ. ಬಿಸ್ಕತ್ತು, ಬಾಳೆಹಣ್ಣು, ಗುಂಪು ಫೋಟೊ. ಮುಂದಿನ ವರ್ಷ ಅದೇ ಪ್ರಶ್ನೆಯನ್ನು ಅದೇ ಹುಡುಗಿಯ ತಂಗಿ ಕೇಳುತ್ತಾಳೆ. ಚೆನ್ನಾಗಿ ನಡೆಸುವ ಪಂಚಾಯಿತಿಗಳೂ ಇವೆ, ಇಲ್ಲವೆನ್ನುವುದಿಲ್ಲ. ಆದರೂ ವರ್ಷಕ್ಕೊಂದು ದಿನದ ಸಭೆಯಿಂದ ಚಿಲಕದ ಸಮಸ್ಯೆ ತೀರುವುದಿಲ್ಲ. ಅದಕ್ಕೆ ಶಾಲೆಯೊಳಗೇ, ದುಡ್ಡು ಖರ್ಚು ಮಾಡುವ ಸಮಿತಿಯ ಮುಂದೆಯೇ, ಆಗಾಗ ಮಾತಾಡುವ ಜಾಗ ಬೇಕು.

ಬೇರೆ ದೇಶಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಹಲವು ಕೌಂಟಿಗಳ ಶಾಲಾ ಮಂಡಳಿಗಳಲ್ಲಿ ಒಬ್ಬ ವಿದ್ಯಾರ್ಥಿ ಸದಸ್ಯ ಇರುತ್ತಾರೆ, ಕೆಲವು ಕಡೆ ಮತದ ಹಕ್ಕೂ ಉಂಟು. ವಾಷಿಂಗ್ಟನ್ ಪಕ್ಕದ ಆ ಸೀಮೆಯಲ್ಲಿ ನಮ್ಮ ಕನ್ನಡದ ಮನೆಗಳೂ ಬೇಕಾದಷ್ಟಿವೆ. ಅಲ್ಲಿನ ಹೋವರ್ಡ್ ಕೌಂಟಿಯ ಮಂಡಳಿಯಲ್ಲಿ ಏಳು ಮಂದಿ ದೊಡ್ಡವರು, ಒಬ್ಬ ವಿದ್ಯಾರ್ಥಿ. ಕೋವಿಡ್ ಕಾಲದಲ್ಲಿ ಶಾಲೆ ಮತ್ತೆ ತೆರೆಯಬೇಕೇ ಎಂಬ ಪ್ರಶ್ನೆ ಬಂದಾಗ ಮತಗಳು ನಾಲ್ಕು–ನಾಲ್ಕು ಸಮವಾಗಿ ನಿಂತುಬಿಟ್ಟವು. ವಿದ್ಯಾರ್ಥಿಯ ಒಂದು ಮತವೇ ಲೆಕ್ಕವನ್ನು ಬದಲಿಸಿತ್ತು. ಸಿಟ್ಟಾದ ಪೋಷಕರು ಕೋರ್ಟಿಗೆ ಹೋದರು. ಹದಿನೆಂಟು ತುಂಬದವರನ್ನು ಮಕ್ಕಳೇ ಆರಿಸಿ ಕಳಿಸುವುದು ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂಬುದು ಅವರ ವಾದ. 2022ರಲ್ಲಿ ಮೇರಿಲ್ಯಾಂಡ್‌ನ ಅತ್ಯುನ್ನತ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿ ವಿದ್ಯಾರ್ಥಿಯ ಸ್ಥಾನವನ್ನು ಎತ್ತಿಹಿಡಿಯಿತು. ಅಲ್ಲೂ ಸಿಬ್ಬಂದಿಯನ್ನು ತೆಗೆಯುವಂಥ ಕೆಲವು ವಿಷಯಗಳಲ್ಲಿ ವಿದ್ಯಾರ್ಥಿಗೆ ಮತವಿಲ್ಲ ಎನ್ನುವುದನ್ನು ಗಮನಿಸಬೇಕು.

ಕ್ಯಾಲಿಫೋರ್ನಿಯಾ ಹಿಡಿದ ದಾರಿ ಬೇರೆ, ನನಗೆ ಹೆಚ್ಚು ಹಿಡಿಸಿದ್ದೂ ಅದೇ. ಅಲ್ಲಿ ವಿದ್ಯಾರ್ಥಿ ಸದಸ್ಯರ ಮತ ಅಂತಿಮ ಎಣಿಕೆಗೆ ಸೇರುವುದಿಲ್ಲ. ಆದರೆ ಮಂಡಳಿಯ ದೊಡ್ಡವರು ಮತ ಹಾಕುವ ಮೊದಲೇ ವಿದ್ಯಾರ್ಥಿ ತನ್ನ ಮತ ಹೇಳಬಹುದು, ಅದು ನಡಾವಳಿಯಲ್ಲಿ ದಾಖಲಾಗುತ್ತದೆ. ಮೇಲುನೋಟಕ್ಕೆ ಇದು ಹಲ್ಲಿಲ್ಲದ ಹಕ್ಕು ಅನ್ನಿಸಬಹುದು. ನಮ್ಮ ಚಿಲಕದ ಸಭೆಯನ್ನು ನೆನೆದು ನೋಡಿ, ಇದರ ಬೆಲೆ ತಿಳಿಯುತ್ತದೆ. ದೊಡ್ಡವರ ಮನಸ್ಸಿನಲ್ಲೇನಿದೆ ಎಂದು ಗೊತ್ತಾಗುವ ಮೊದಲೇ ಹುಡುಗಿ ಮಾತಾಡಿ ಮುಗಿಸಿರುತ್ತಾಳೆ. ಅವಳ ಮಾತಿಗೆ ವಿರುದ್ಧವಾಗಿ ತೀರ್ಮಾನ ಮಾಡಲು ದೊಡ್ಡವರಿಗೆ ಪೂರ್ತಿ ಅಧಿಕಾರವಿದೆ, ಆದರೆ ‘ಗೊತ್ತಿರಲಿಲ್ಲ’ ಎನ್ನುವ ಅಧಿಕಾರವಿಲ್ಲ.

ನಮಗಿಂತ ದೊಡ್ಡ ಅಸಮಾನತೆಯನ್ನು ಹೊತ್ತು ಹೊರಟ ದಕ್ಷಿಣ ಆಫ್ರಿಕಾ 1996ರ ಶಾಲಾ ಕಾಯ್ದೆಯಲ್ಲೇ ಇದನ್ನು ಸೇರಿಸಿತು. ಎಂಟನೇ ತರಗತಿ ಮತ್ತು ಅದಕ್ಕೆ ಮೇಲ್ಪಟ್ಟ ಮಕ್ಕಳಿರುವ ಸರ್ಕಾರಿ ಶಾಲೆಗಳ ಆಡಳಿತ ಮಂಡಳಿಯಲ್ಲಿ ವಿದ್ಯಾರ್ಥಿಗಳ ಪ್ರತಿನಿಧಿಗಳಿರಲೇಬೇಕು. ಜೊತೆಗೇ ಒಂದು ಎಚ್ಚರವನ್ನೂ ಬರೆದಿಟ್ಟರು: ಶಾಲೆಯ ಮೇಲೆ ಹಣಕಾಸಿನ ಹೊರೆ ಬೀಳುವಂಥ ನಿರ್ಣಯಗಳಲ್ಲಿ ಪ್ರಾಯಕ್ಕೆ ಬಾರದವರಿಗೆ ಮತವಿಲ್ಲ, ಅಂಥವುಗಳ ಹೊಣೆಯೂ ಅವರ ಮೇಲಿಲ್ಲ. ಹಕ್ಕು ಕೊಡುವಾಗ ಭಾರ ಹೊರಿಸಬಾರದು ಎಂಬ ಈ ವಿವೇಕ ನಮಗೂ ಬೇಕು. ದೂರ ಯಾಕೆ, ನಮ್ಮದೇ ದೇಶದ ಬಾಲನ್ಯಾಯ ಕಾಯ್ದೆಯಡಿ 2016ರಲ್ಲಿ ಬಂದ ಮಾದರಿ ನಿಯಮಗಳನ್ನೇ ನೋಡಿ. ಬಾಲಮಂದಿರಗಳಲ್ಲಿ ವಯಸ್ಸಿಗೆ ತಕ್ಕ ಮಕ್ಕಳ ಸಮಿತಿಗಳಿರಬೇಕು, ನಿರ್ವಹಣಾ ಸಮಿತಿಯಲ್ಲಿ ಮಕ್ಕಳ ಪ್ರತಿನಿಧಿಗಳಿರಬೇಕು ಎಂದು ಅವು ಹೇಳುತ್ತವೆ. ಬಾಲಮಂದಿರದ ಮಗುವಿಗೆ ಸಲ್ಲುವ ಜಾಗ ಊರ ಶಾಲೆಯ ಮಗುವಿಗೆ ಯಾಕೆ ಸಲ್ಲಬಾರದು?

ಹಾಗಾದರೆ ನಮ್ಮಲ್ಲಿ ಹೇಗೆ ಮಾಡಬಹುದು? ನನ್ನ ಮನಸ್ಸಿನಲ್ಲಿರುವುದು ಇಷ್ಟು. ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಯಲ್ಲಿ ಇಬ್ಬರು ಮಕ್ಕಳಿರಲಿ, ಒಬ್ಬಳು ಹುಡುಗಿ, ಒಬ್ಬ ಹುಡುಗ. ಒಬ್ಬರೇ ಇದ್ದರೆ ಬಾಯಿ ಬಿಡುವುದಿಲ್ಲ. ಇಬ್ಬರಿದ್ದರೆ ಒಬ್ಬರಿಗೊಬ್ಬರು ಧೈರ್ಯ. ಅವರನ್ನು ಹೆಡ್ ಮೇಷ್ಟ್ರು ಆರಿಸಬಾರದು. ಆರಿಸಿದರೆ ಅಂಕ ತೆಗೆಯುವ, ಬೋರ್ಡಿನ ಮೇಲೆ ಗಲಾಟೆ ಮಾಡಿದವರ ಹೆಸರು ಬರೆಯುವ ಮಗುವೇ ಬರುತ್ತದೆ. ಹೇಗಿದ್ದರೂ ಶಾಲಾ ಸಂಸತ್ತಿನ ಚುನಾವಣೆ ನಡೆಯುತ್ತದಲ್ಲ, ಅಲ್ಲಿ ಗೆದ್ದ ಆಹಾರ ಮಂತ್ರಿಯನ್ನೂ ಆರೋಗ್ಯ ಮಂತ್ರಿಯನ್ನೂ ಕಳಿಸಿದರಾಯಿತು. ಆಗ ಆ ಖಾತೆಗಳಿಗೂ ಒಂದು ಅರ್ಥ ಬರುತ್ತದೆ. ಸಭೆಯ ಹಿಂದಿನ ದಿನ ತರಗತಿಗಳಲ್ಲಿ ಚೀಟಿ ಹಂಚಿ, ಬರೆಯಲು ಬಾರದ ಚಿಕ್ಕವರ ಮಾತನ್ನು ದೊಡ್ಡ ಮಕ್ಕಳು ಕೇಳಿ ಬರೆದುಕೊಂಡು, ಎಲ್ಲ ಒಟ್ಟು ಮಾಡಿ ತರಲಿ. ಸಭೆಯ ಮೊದಲ ವಿಷಯವೇ ಅದಾಗಲಿ. ಹಿಂದಿನ ನಡಾವಳಿ ಓದುವುದಕ್ಕೂ ಮೊದಲು ಮಕ್ಕಳು ಚೀಟಿಯಲ್ಲಿರುವುದನ್ನು ಓದಿ ಹೇಳಲಿ, ಅದನ್ನು ನಡಾವಳಿ ಪುಸ್ತಕದಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಊಟ, ನೀರು, ಶೌಚಾಲಯ, ಆಟ, ದಾರಿ, ಬೈಗುಳ: ಇವು ಅವರ ವಿಷಯಗಳು. ಇಷ್ಟು ಮುಗಿದ ಮೇಲೆ ಅವರು ತರಗತಿಗೆ ಹೋಗಲಿ. ಚೆಕ್ಕು, ಬಿಲ್ಲು, ಟೆಂಡರು, ಶಿಕ್ಷಕರ ಮೇಲಿನ ದೂರಿನ ವಿಚಾರಣೆ ದೊಡ್ಡವರ ತಲೆನೋವು.

ಇಲ್ಲೊಂದು ನಿಜವಾದ ಅಪಾಯವಿದೆ, ಅದನ್ನು ಮುಚ್ಚಿಟ್ಟು ಮಾತಾಡಬಾರದು. ಊರೆಂದರೆ ಎಲ್ಲರೂ ಎಲ್ಲರಿಗೂ ಗೊತ್ತಿರುವ ಜಾಗ. ಸಾರು ನೀರಾಗಿದೆ ಎಂದು ಮಗು ಹೇಳಿದರೆ ಅಡುಗೆಯವರು ಅದೇ ಬೀದಿಯಲ್ಲಿರುತ್ತಾರೆ. ಕಟ್ಟಡ ಸೋರುತ್ತಿದೆ ಎಂದರೆ ಕಂಟ್ರಾಕ್ಟರು ಅಧ್ಯಕ್ಷರ ಷಡ್ಡಕನಾಗಿರಬಹುದು. ‘ನಿಮ್ಮ ಹುಡುಗ ಬಾಳ ಮಾತಾಡ್ತಾನಂತೆ’ ಎಂಬ ಮಾತು ಸಂಜೆಯೊಳಗೆ ಮನೆ ತಲುಪುತ್ತದೆ. ಆ ಮನೆ ಕೂಲಿಯವರದಾದರೆ, ದಲಿತರದಾದರೆ, ಅದರ ಪರಿಣಾಮ ಮಾತಿಗಷ್ಟೇ ನಿಲ್ಲುವುದಿಲ್ಲ. ಮಕ್ಕಳಿಗೆ ಪೂರ್ತಿ ಮತದ ಹಕ್ಕು ಕೊಡಿ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಇಂತಿಂಥ ಹುಡುಗ ಇಂತಿಂಥವರ ವಿರುದ್ಧ ಕೈಯೆತ್ತಿದ ಎಂದು ದಾಖಲಾಗುವ ಹಕ್ಕು ನಮ್ಮ ಊರುಗಳಲ್ಲಿ ಹಕ್ಕಿಗಿಂತ ಹೆಚ್ಚಾಗಿ ಶಿಕ್ಷೆಯಾದೀತು. ಚೀಟಿಗಳ ಉಪಯೋಗ ಇರುವುದೇ ಇಲ್ಲಿ. ಸಭೆಗೆ ಬಂದ ಇಬ್ಬರು ತಮ್ಮ ಸ್ವಂತ ಮಾತು ಹೇಳುತ್ತಿಲ್ಲ, ಶಾಲೆಯ ಮಾತು ತಂದಿದ್ದಾರೆ. ನಡಾವಳಿಯಲ್ಲೂ ‘ಮಕ್ಕಳ ಅಭಿಪ್ರಾಯ’ ಎಂದಷ್ಟೇ ಬರೆಯಬೇಕು, ಹೆಸರು ಹಾಕಬಾರದು. ಏಟು, ಕಿರುಕುಳದಂಥ ಗಂಭೀರ ದೂರಾದರೆ ಅದು ಸಭೆಯ ನಡುವೆ ಓದುವ ಚೀಟಿಯೇ ಅಲ್ಲ. ಅದಕ್ಕೆ 1098 ಸಹಾಯವಾಣಿಯಿದೆ, ಕಾನೂನಿದೆ.

ಶಿಕ್ಷಕರ ಆತಂಕಕ್ಕೂ ಉತ್ತರ ಕೊಡಬೇಕು. ಮಕ್ಕಳ ಕೈಗೆ ಅಧಿಕಾರ ಹೋದರೆ ಪಾಠ ಬಿಗಿಯಾಗಿ ಮಾಡುವ ಶಿಕ್ಷಕರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಭಯ ಅವರಿಗಿದೆ. ನಾನು ಕಂಡ ಮಟ್ಟಿಗೆ ಮಕ್ಕಳು ಹಾಗಿಲ್ಲ. ಅವರ ಚೀಟಿ ತೆರೆದರೆ ಶಿಕ್ಷಕರ ಮೇಲಿನ ದೂರಿಗಿಂತ ಶಿಕ್ಷಕರು ಬೇಕೆಂಬ ಬೇಡಿಕೆಯೇ ಹೆಚ್ಚು: ‘ಇಂಗ್ಲಿಷ್‌ಗೆ ಮಿಸ್ ಇಲ್ಲ’, ‘ನಮ್ಮ ಸಾರ್‌ನ ಯಾವಾಗಲೂ ಮೀಟಿಂಗ್‌ಗೆ ಕರೀತಾರೆ’. ಬಿಎಲ್‌ಒ ಕೆಲಸ, ಸಮೀಕ್ಷೆ, ಆ್ಯಪ್ ತುಂಬುವುದು ಎಂದು ತರಗತಿ ಬಿಟ್ಟು ಓಡಾಡುವ ಶಿಕ್ಷಕರು ತಾವೇ ಹೇಳಿಕೊಂಡರೆ ಸೋಮಾರಿತನ ಎನ್ನುತ್ತಾರೆ. ಮಕ್ಕಳು ಹೇಳಿದರೆ, ಅದು ನಡಾವಳಿಯಲ್ಲಿ ಬರೆದು ಬಿಇಒ ಕಚೇರಿಗೆ ಹೋದರೆ, ಅದರ ತೂಕವೇ ಬೇರೆ. ರಾಜಕೀಯ ನುಗ್ಗುತ್ತದೆ ಎನ್ನುವವರಿಗೂ ಒಂದು ಮಾತು. ಎಸ್‌ಡಿಎಂಸಿ ಅಧ್ಯಕ್ಷಗಿರಿಗೆ ಊರು ಎರಡು ಬಣವಾಗುವುದನ್ನು ಕಂಡವರು ನಾವು. ರಾಜಕೀಯ ಒಳಗೆ ಬಂದು ಬಹಳ ಕಾಲವಾಗಿದೆ, ಮಕ್ಕಳು ಅದನ್ನು ಹೊಸದಾಗಿ ತರಬೇಕಾಗಿಲ್ಲ.

ಇಷ್ಟೆಲ್ಲ ಹೇಳುವಾಗ ಪಟ್ಟಣದ ಪೋಷಕರು ಇದು ಸರ್ಕಾರಿ ಶಾಲೆಯ ಕತೆ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಅನುದಾನ ಪಡೆಯದ ಖಾಸಗಿ ಶಾಲೆಗಳಿಗೆ 21ನೇ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಅನುದಾನಿತ ಶಾಲೆಗಳಲ್ಲಿ 2012ರ ತಿದ್ದುಪಡಿಯ ನಂತರ ಸಮಿತಿಯ ಕೆಲಸ ಸಲಹೆ ಕೊಡುವುದಕ್ಕೆ ಸೀಮಿತ. ಲಕ್ಷ ಲಕ್ಷ ಶುಲ್ಕ ಕಟ್ಟುವ ಪೋಷಕರಿಗೇ ಶಾಲೆಯ ತೀರ್ಮಾನದಲ್ಲಿ ಪಾಲಿಲ್ಲದಿರುವಾಗ ಅವರ ಮಕ್ಕಳಿಗೆಲ್ಲಿಂದ ಬರಬೇಕು? ಈ ಒಂದು ವಿಷಯದಲ್ಲಿ ಹಳ್ಳಿಯ ಸರ್ಕಾರಿ ಶಾಲೆ ನಗರದ ಹವಾನಿಯಂತ್ರಿತ ಶಾಲೆಗಿಂತ ಮುಂದಿದೆ.

1992ರ ಡಿಸೆಂಬರ್‌ನಲ್ಲಿ ಭಾರತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದರ 12ನೇ ವಿಧಿ, ಮಗುವಿಗೆ ಸಂಬಂಧಪಟ್ಟ ವಿಷಯದಲ್ಲಿ ಮಗು ತನ್ನ ಅಭಿಪ್ರಾಯ ಹೇಳಬಹುದು, ಅದರ ವಯಸ್ಸು ಮತ್ತು ಬುದ್ಧಿಯ ಬೆಳವಣಿಗೆಗೆ ತಕ್ಕಂತೆ ದೊಡ್ಡವರು ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ. ಮಗು ಹೇಳಿದ್ದನ್ನೆಲ್ಲ ಮಾಡಬೇಕು ಎಂದು ಅದು ಹೇಳುವುದಿಲ್ಲ. ಮಕ್ಕಳು ದಿನಾ ಪಿ.ಟಿ. ಪೀರಿಯಡ್ ಕೇಳಬಹುದು, ಹೋಮ್‌ವರ್ಕ್ ಬೇಡ ಎನ್ನಬಹುದು. ಆಗದ್ದಕ್ಕೆ ಆಗುವುದಿಲ್ಲ ಎನ್ನಲು ದೊಡ್ಡವರಿದ್ದಾರೆ. ನಾನು ಕೇಳುವುದು ಒಂದೇ: ಮುಂದಿನ ಸಭೆಯಲ್ಲಿ ಅಧ್ಯಕ್ಷರೋ ಮುಖ್ಯ ಶಿಕ್ಷಕರೋ ಆ ಇಬ್ಬರು ಮಕ್ಕಳ ಮುಂದೆ ಹಳೆಯ ಚೀಟಿಗಳನ್ನು ಹಿಡಿದು ಕೂತು, ಇದು ಆಯಿತು, ಇದು ಆಗಲಿಲ್ಲ, ಆಗದಿರಲು ಕಾರಣ ಇದು ಎಂದು ಹೇಳಬೇಕು. ಆ ಇಬ್ಬರು ತರಗತಿಗೆ ಹೋಗಿ ಉಳಿದವರಿಗೆ ತಿಳಿಸಬೇಕು. ಇದಕ್ಕೆ ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ, ಅನುದಾನವೂ ಬೇಡ. ಯಾವುದೇ ಎಸ್‌ಡಿಎಂಸಿ ತನ್ನ ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಬರೆದು ಶುರುಮಾಡಬಹುದು. ಓದುಗರಲ್ಲಿ ಎಸ್‌ಡಿಎಂಸಿ ಅಧ್ಯಕ್ಷರು, ಸದಸ್ಯರು, ಮುಖ್ಯ ಶಿಕ್ಷಕರು ಎಷ್ಟೋ ಮಂದಿ ಇದ್ದೀರಿ. ಒಂದು ವರ್ಷ ಮಾಡಿ ನೋಡಿ. ಕೆಲಸಕ್ಕೆ ಬಾರದಿದ್ದರೆ ನಿರ್ಣಯವನ್ನು ರದ್ದು ಮಾಡುವ ಅಧಿಕಾರ ಹೇಗೂ ನಿಮ್ಮ ಕೈಯಲ್ಲೇ ಇದೆ. ಆದರೆ ರದ್ದು ಮಾಡುವ ಮುನ್ನ, ಮಾಡಬಹುದೇ ಎಂದು ಮಕ್ಕಳನ್ನು ಮೊದಲು ಕೇಳಿ.